ಆರು ಬೆರಳಿನ ಹುಡುಗಿ: ಒಂದು ಕಾದಂಬರಿ, ಗಡಿನಾಡಿನ ವಾಚಕರು

ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲಗಳ ಕೆಲವು ಕನ್ನಡ ಮನೆಗಳಲ್ಲಿ ಈಚೆಗೆ ಒಂದು ಇಂಗ್ಲಿಷ್ ಕಾದಂಬರಿ ಕೈಯಿಂದ ಕೈಗೆ ಸಾಗಿತು. ಬಲ್ಲವರು ತಾವೇ ಓದಿದರು. ಇಂಗ್ಲಿಷ್ ಬಾರದವರಿಗೆ ನಾವು ಸಂಜೆ ಹೊತ್ತು ಕುಳಿತು ಕಥೆಯನ್ನು ಕನ್ನಡದಲ್ಲಿ ಹೇಳಿದೆವು. ಆಂಗ್ಲ ಲೇಖಕ ಜಾನ್ ವಿಂಡಮ್ 1955ರಲ್ಲಿ ಪ್ರಕಟಿಸಿದ ‘ದ ಕ್ರಿಸಲಿಡ್ಸ್’ ಎಂಬುದೇ ಆ ಕೃತಿ. ಹುಳುವು ಚಿಟ್ಟೆಯಾಗುವ ಮುನ್ನ ಗೂಡಿನೊಳಗೆ ಕಳೆಯುವ ಅವಸ್ಥೆಯನ್ನು ಆ ಹೆಸರು ಸೂಚಿಸುತ್ತದೆ. ಅದನ್ನು ಕುರಿತು ನಮ್ಮವರು ಆಡಿದ ಮಾತುಗಳಲ್ಲಿ ಕೆಲವನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

ಅಣ್ವಸ್ತ್ರಗಳಿಂದ ಜಗತ್ತು ಸುಟ್ಟುಹೋಗಿ ಎಷ್ಟೋ ಶತಮಾನಗಳಾದ ಮೇಲೆ, ಲ್ಯಾಬ್ರಡಾರ್ ಎಂಬ ಶೀತಪ್ರದೇಶದಲ್ಲಿ ಉಳಿದ ರೈತರ ಕಥೆ ಇದು. ವಿಕಿರಣದಿಂದಾಗಿ ಪೈರು, ಪಶು, ಮನುಷ್ಯ ಎಲ್ಲದರಲ್ಲಿಯೂ ರೂಪ ತಪ್ಪಿದ ಜನ್ಮಗಳು ಹುಟ್ಟುತ್ತವೆ. ತಪ್ಪಿದ ಪೈರನ್ನು ಸುಡುತ್ತಾರೆ. ತಪ್ಪಿದ ಮನುಷ್ಯರನ್ನು ಊರ ಸೀಮೆಯಾಚೆಯ ಕಾಡಿಗೆ ಅಟ್ಟುತ್ತಾರೆ. ಹುಟ್ಟಿದ ಪ್ರತಿ ಕೂಸನ್ನೂ ಇನ್ಸ್‌ಪೆಕ್ಟರು ಬಂದು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟ ಬಳಿಕವೇ ಅದು ಮನುಷ್ಯರ ಲೆಕ್ಕಕ್ಕೆ ಸೇರುವುದು. ಸೋಫಿ ಎಂಬ ಬಾಲಕಿಗೆ ಕಾಲಿನಲ್ಲಿ ಆರಾರು ಬೆರಳು. ತಾಯಿ ಅವಳನ್ನು ಬೂಟು ತೊಡಿಸಿಯೇ ಬೆಳೆಸಿರುತ್ತಾಳೆ. ಒಂದು ದಿನ ಹಳ್ಳದ ಬಂಡೆಯ ಮೇಲೆ ಮೂಡಿದ ಅವಳ ಒದ್ದೆ ಹೆಜ್ಜೆಯನ್ನು ಇನ್ನೊಬ್ಬ ಹುಡುಗ ಕಾಣುತ್ತಾನೆ. ಅಲ್ಲಿಗೆ ಆ ಸಂಸಾರದ ನೆಮ್ಮದಿ ಮುಗಿಯಿತು.

ಆರು ಬೆರಳು ಎಂದೊಡನೆ ನಮ್ಮ ಸಭೆಯಲ್ಲಿ ನಗು ಎದ್ದಿತೆಂಬುದನ್ನು ಮುಚ್ಚಿಡಲಾರೆವು. “ನಮ್ಮಲ್ಲಿ ಅದು ಅದೃಷ್ಟದ ಗುರುತಲ್ಲೇನ್ರೀ?” ಎಂದರು ಗದ್ವಾಲದ ಅಜ್ಜಿಯೊಬ್ಬರು. ಒಂದು ದೇಶದಲ್ಲಿ ಗಡೀಪಾರಿಗೆ ಕಾರಣವಾದದ್ದು ಇನ್ನೊಂದು ದೇಶದಲ್ಲಿ ಶುಭಲಕ್ಷಣ! ಆದರೆ ಸೋಫಿಯ ತಾಯಿಯ ಭೀತಿಯನ್ನು ವಿವರಿಸಿದಾಗ ನಗು ನಿಂತಿತು.

ಹೆಂಗಸರನ್ನು ಬಹಳವಾಗಿ ಕಲಕಿದ್ದು ಹ್ಯಾರಿಯೆಟ್ ಎಂಬಾಕೆಯ ಪ್ರಸಂಗ. ಎರಡು ಕೂಸುಗಳಿಗೆ ಪ್ರಮಾಣಪತ್ರ ಸಿಗದೆ, ಮೂರನೆಯದೂ ಹಾಗೆಯೇ ಆದರೆ ಗಂಡನು ತನ್ನನ್ನು ಹೊರಹಾಕಬಹುದೆಂದು ಹೆದರಿ, ಆಕೆ ಅಕ್ಕನ ಮನೆಗೆ ಬರುತ್ತಾಳೆ. ಪರೀಕ್ಷೆಯ ಹೊತ್ತಿಗೆ ಅಕ್ಕನ ಕೂಸನ್ನು ಎರವಲು ಕೇಳುತ್ತಾಳೆ. ಅಕ್ಕ ಭಾವಂದಿರು ಛೀಮಾರಿ ಹಾಕಿ ಕಳಿಸುತ್ತಾರೆ. ಮುಂದೆ ಆಕೆಯ ಹೆಣ ನದಿಯಲ್ಲಿ ಸಿಗುತ್ತದೆ; ಕೂಸಿನ ಮಾತನ್ನು ಯಾರೂ ಎತ್ತುವುದಿಲ್ಲ. ನಾರಾಯಣಪೇಟೆಯ ನೇಕಾರ ಗೃಹಿಣಿಯೊಬ್ಬರು ಬಹಳ ಹೊತ್ತು ಸುಮ್ಮನಿದ್ದು, “ಎಳೆ ತಪ್ಪಿದ ಸೀರೆಯನ್ನು ವ್ಯಾಪಾರಿ ತಿರುಗಿಸಿ ಕಳಿಸುತ್ತಾನೆ. ಹೆತ್ತ ಕೂಸನ್ನು ಎಲ್ಲಿಗೆ ತಿರುಗಿಸುವುದವ್ವ?” ಎಂದರು.

ಕಥೆಯ ವಿಜ್ಞಾನದ ಬಗೆಗೆ ಮಕ್ತಲಿನ ನಿವೃತ್ತ ಉಪಾಧ್ಯಾಯರೊಬ್ಬರ ಆಕ್ಷೇಪಣೆ ಯೋಗ್ಯವಾದುದು. ಅಣುಬಾಂಬು ಬಿದ್ದರೇನೇ ರೂಪಾಂತರ ಉಂಟಾಗುವುದೆಂಬ ಭಾವನೆ ಸಲ್ಲದೆಂದರು ಅವರು. ಅದು ನಿಜ. ಮನುಷ್ಯನ ಅನುವಂಶಿಕ ಬರಹವು ಸುಮಾರು 300 ಕೋಟಿ ಅಕ್ಷರಗಳಷ್ಟಿದೆ. ಅದನ್ನು ನಕಲು ಮಾಡುವಾಗ ತಪ್ಪುಗಳು ಸಹಜವಾಗಿ ನುಸುಳುತ್ತವೆ. ತಂದೆತಾಯಿಗಳಲ್ಲಿ ಇಲ್ಲದ ಸುಮಾರು 60-70 ಹೊಸ ಬದಲಾವಣೆಗಳನ್ನು ಹೊತ್ತೇ ಪ್ರತಿ ಶಿಶುವೂ ಹುಟ್ಟುತ್ತದೆ. ಬಹುಪಾಲು ನಿರುಪದ್ರವಿಗಳು. ಇನ್ಸ್‌ಪೆಕ್ಟರು ಬೆರಳೆಣಿಸಬಲ್ಲನೇ ಹೊರತು ಇವುಗಳನ್ನು ಕಾಣಲಾರ.

ಇದಕ್ಕೆ ನಮ್ಮ ನೆರೆಯಲ್ಲೇ ನಿದರ್ಶನವುಂಟು. ತೆಲಂಗಾಣ, ಆಂಧ್ರಗಳ ವೈಶ್ಯ ಸಮುದಾಯದ ಕೆಲವರ ರಕ್ತದಲ್ಲಿ ಒಂದು ಕಿಣ್ವದ ಕೊರತೆ ಕಂಡುಬರುತ್ತದೆ. ನಿತ್ಯಜೀವನದಲ್ಲಿ ಅದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಿಸಲು ಕೊಡುವ ಒಂದು ಔಷಧಿಯ ಪರಿಣಾಮ ನಿಮಿಷಗಳಲ್ಲಿ ಇಳಿಯುವ ಬದಲು ಗಂಟೆಗಟ್ಟಲೆ ಉಳಿಯುತ್ತದೆ. ಅಷ್ಟು ಹೊತ್ತೂ ಉಸಿರಾಟಕ್ಕೆ ಯಂತ್ರವೇ ಬೇಕಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಬೇಕು. ತಲೆತಲಾಂತರದಿಂದ ಒಳಗೊಳಗೇ ಸಂಬಂಧ ಬೆಳೆಸಿದ ಗುಂಪುಗಳಲ್ಲಿ ಇಂಥ ಬದಲಾವಣೆಗಳು ಸಾಂದ್ರಗೊಳ್ಳುತ್ತವೆ. ಇದು ಒಂದು ಜಾತಿಯ ಮಾತಲ್ಲ. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮೆಲ್ಲರ ಮಾತು. ಶುದ್ಧಿಯನ್ನು ಕಾಯುವವರೇ ತಮಗರಿಯದಂತೆ ತಪ್ಪನ್ನು ಕೂಡಿಡುತ್ತಾರೆಂಬ ಈ ಸೂಕ್ಷ್ಮವನ್ನು ವಿಂಡಮ್ ಇನ್ನಷ್ಟು ಬಳಸಿಕೊಳ್ಳಬಹುದಿತ್ತೆಂದು ನಮ್ಮ ಅಭಿಪ್ರಾಯ.

ಸಾಗರ ತಾಲ್ಲೂಕಿನ ಹಂದಿಗೋಡಿನ ವೃತ್ತಾಂತ ಹಲವರಿಗೆ ನೆನಪಿರಬಹುದು. 1970ರ ದಶಕದ ಮಧ್ಯದಲ್ಲಿ ಅಲ್ಲಿಯ ಬಡ ಕೂಲಿಗಳ ಸೊಂಟದ ಕೀಲುಗಳು ಸವೆದು ನಡೆಯಲಾಗದಂತಾದಾಗ, ಗದ್ದೆಯ ಏಡಿ ತಿಂದದ್ದೇ ಕಾರಣವಿರಬಹುದು, ಅದರಲ್ಲಿ ಕೀಟನಾಶಕ ಸೇರಿರಬಹುದು ಎಂದು ಶಂಕಿಸಲಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ತಜ್ಞರೂ ಅಧ್ಯಯನ ನಡೆಸಿದರು. ಅದು ವಂಶಪಾರಂಪರ್ಯದ ಮೂಳೆಯ ವಿಕಾರವೆಂದು 1990ರ ದಶಕದ ಸಂಶೋಧನೆಗಳು ತೋರಿಸಿದವು. ತಿಂದ ಆಹಾರದ ದೋಷವೂ ಅಲ್ಲ, ಕರ್ಮದ ಫಲವೂ ಅಲ್ಲ.

ಕಾದಂಬರಿಯ ಅಂತ್ಯದ ಬಗೆಗೆ ಮಾತ್ರ ಒಮ್ಮತವಿಲ್ಲ. ಮನಸ್ಸಿನಿಂದಲೇ ಪರಸ್ಪರ ಮಾತಾಡಬಲ್ಲ ಕೆಲವು ಮಕ್ಕಳನ್ನು ದೂರದ ನಾಡಿನಿಂದ ಬಂದ ಅಂಥದೇ ಶಕ್ತಿಯ ಮಹಿಳೆ ಪಾರುಮಾಡುತ್ತಾಳೆ. ಆದರೆ ಬೆನ್ನಟ್ಟಿದವರನ್ನೂ ಕಾಡಿನ ನತದೃಷ್ಟರನ್ನೂ ಒಟ್ಟಿಗೆ ಕೊಲ್ಲುತ್ತಾಳೆ, ತಮ್ಮದು ಮೇಲಾದ ಕುಲವೆಂದು ಸಮರ್ಥಿಸಿಕೊಳ್ಳುತ್ತಾಳೆ. ನಮ್ಮ ತರುಣರಲ್ಲಿ ಕೆಲವರಿಗೆ ಇದು ನ್ಯಾಯವೆನಿಸಿತು. ಉಪಾಧ್ಯಾಯರು, “ಇನ್ಸ್‌ಪೆಕ್ಟರು ಬೇರೆ ಅಂಗಿ ತೊಟ್ಟು ಬಂದ, ಅಷ್ಟೇ” ಎಂದರು. ನಾವು ಅವರ ಪಕ್ಷ. ಗದ್ವಾಲವು 1956ರವರೆಗೆ ರಾಯಚೂರು ಜಿಲ್ಲೆಗೆ ಸೇರಿತ್ತು. ಗೆರೆ ಎಳೆದ ಮೇಲೆ ನಮ್ಮ ತೆಲುಗು, ಉರ್ದು ಬೆರೆತ ಕನ್ನಡವನ್ನು ಆ ಕಡೆಯವರೂ ಈ ಕಡೆಯವರೂ ಅಪಭ್ರಂಶವೆಂದವರೇ. ಭಾಷೆಗೆ ಇನ್ಸ್‌ಪೆಕ್ಟರಿದ್ದಿದ್ದರೆ ನಮಗೆ ಪ್ರಮಾಣಪತ್ರ ಸಿಗುತ್ತಿತ್ತೇ?

ಕೊನೆಗೊಂದು ಸಂಗತಿ. ಕಥೆ ಕೇಳಿದ ತಾಯಿಯೊಬ್ಬರು ಎಲ್ಲರೂ ಎದ್ದುಹೋದ ಮೇಲೆ ನಮ್ಮ ಬಳಿ ಕುಳಿತರು. ಹಿರಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗಲೆಲ್ಲ, ಹುಟ್ಟಿನಿಂದ ಕಾಲು ಸೊಟ್ಟಗಿರುವ ಕಿರಿಯ ಮಗನನ್ನು ಹಿತ್ತಲ ಕೋಣೆಯಲ್ಲಿ ಕೂಡಿಸಿ ಚಿಲಕ ಹಾಕುತ್ತಿದ್ದರಂತೆ. “ಸೋಫಿಯ ಬೂಟು ಅಂದರೆ ನಮ್ಮ ಮನೆಯ ಚಿಲಕ” ಎಂದು ಅತ್ತರು. ಮುಂದಿನ ತಿಂಗಳು ಮತ್ತೊಂದು ಸಂಬಂಧ ಬಂದಿತು. ಎಲೆಯಡಿಕೆಯ ತಟ್ಟೆಯನ್ನು ಆ ಹುಡುಗನೇ ತಂದು ಬೀಗರ ಮುಂದಿಟ್ಟನು. ಅವರಿಂದ ಉತ್ತರ ಇನ್ನೂ ಬಂದಿಲ್ಲ.