ಬೇಗ ಮುಗಿಯುವುದೆಂದರೇನು?

ಕೈಗೊಂಡ ಕೆಲಸ ಬೇಗ ಮುಗಿಯಬೇಕು, ಬಂದ ಕಾಯಿಲೆ ಬೇಗ ವಾಸಿಯಾಗಬೇಕು. ಮನುಷ್ಯನ ಹಾರೈಕೆಗಳಲ್ಲಿ ಇವೆರಡಕ್ಕಿಂತ ಸಾಮಾನ್ಯವಾದುವು ಬೇರೆ ಇರಲಾರವು. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂದು ಹಿರಿಯರು ಎಷ್ಟೇ ಎಚ್ಚರಿಸಲಿ, ಮಗುವಿನ ಮೈ ಸುಡುತ್ತಿರುವ ಮನೆಯಲ್ಲಿ ಆ ಗಾದೆ ಯಾರಿಗೂ ನೆನಪಾಗುವುದಿಲ್ಲ. ಈ ಆತುರವನ್ನು ಗೇಲಿಮಾಡದೆ, ಅದನ್ನೇ ಶಾಸ್ತ್ರದ ವಿಷಯವನ್ನಾಗಿ ಮಾಡಿಕೊಂಡ ವಿದ್ವಾಂಸರಿದ್ದಾರೆ. ಕಾರ್ಖಾನೆಯಲ್ಲಿ ಕೆಲಸಗಳನ್ನು ಯಾವ ಸರದಿಯಲ್ಲಿ ನಡೆಸಿದರೆ ಅವು ಬೇಗ ತೀರುತ್ತವೆ ಎಂದು ಒಂದು ಗುಂಪಿನವರು ಲೆಕ್ಕ ಹಾಕಿದರೆ, ಮೈಯಲ್ಲಿ ಹೊಕ್ಕ ವೈರಸ್ಸು ಎಷ್ಟು ವೇಗದಿಂದ ಹುಟ್ಟಿ ಎಷ್ಟು ವೇಗದಿಂದ ಅಳಿಯುತ್ತದೆ ಎಂದು ಮತ್ತೊಂದು ಗುಂಪಿನವರು ಲೆಕ್ಕ ಹಾಕುತ್ತಾರೆ. ಒಬ್ಬರದು ಎಣ್ಣೆ ಮೆತ್ತಿದ ಯಂತ್ರಗಳ ಲೋಕ, ಇನ್ನೊಬ್ಬರದು ರಕ್ತದ ಹನಿಯ ಲೋಕ. ಆದರೂ ಇಬ್ಬರ ಲೆಕ್ಕಕ್ಕೂ ತಳಹದಿ ಒಂದೇ ಎಂಬುದು ಬಹುಕಾಲ ಗಣಿತದ ಮೇಷ್ಟ್ರಾಗಿದ್ದ ನನಗೆ ಬಹು ಸ್ವಾರಸ್ಯದ ಸಂಗತಿಯಾಗಿ ತೋರಿದೆ.

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿರುವ ನಮ್ಮ ಹೆಬ್ಬೂರು ರಾಗಿ, ತೆಂಗು, ಅಡಿಕೆಗಳ ಊರು. ಸರದಿಯ ಶಾಸ್ತ್ರವನ್ನು ತಿಳಿಯಲು ಇಲ್ಲಿಂದ ದೂರ ಹೋಗಬೇಕಾಗಿಲ್ಲ. ಒಂದು ಹಿಟ್ಟಿನ ಗಿರಣಿ ಸಾಕು. ಮೂವರು ರಾಗಿ ಬೀಸಿಸಲು ಬಂದಿದ್ದಾರೆಂದು ಇಟ್ಟುಕೊಳ್ಳೋಣ. ಮೊದಲು ಬಂದವನ ಚೀಲಕ್ಕೆ 30 ನಿಮಿಷ, ಎರಡನೆಯವಳ ಕುಕ್ಕೆಗೆ 6 ನಿಮಿಷ, ಮೂರನೆಯ ಹುಡುಗನ ಡಬ್ಬಿಗೆ 3 ನಿಮಿಷ ಹಿಡಿಯುತ್ತದೆ. ಬಂದ ಸರದಿಯಲ್ಲೇ ಬೀಸಿದರೆ ಅವರು 30, 36, 39ನೆಯ ನಿಮಿಷಗಳಲ್ಲಿ ಮನೆಗೆ ಹೊರಡುತ್ತಾರೆ. ಸರಾಸರಿ 35 ನಿಮಿಷ. ಸಣ್ಣದನ್ನು ಮೊದಲು ಹಾಕಿದರೆ 3, 9, 39ನೆಯ ನಿಮಿಷಗಳು, ಸರಾಸರಿ 17. ಕಲ್ಲು ತಿರುಗಿದ್ದು ಎರಡು ಸಲವೂ 39 ನಿಮಿಷವೇ. ಒಂದು ಪೈಸೆಯ ವಿದ್ಯುತ್ತೂ ಹೆಚ್ಚಾಗಲಿಲ್ಲ, ಆದರೆ ಕಾಯುವ ಹೊತ್ತು ಅರ್ಧಕ್ಕಿಂತ ಕಡಮೆಯಾಯಿತು. ಒಂದೇ ಯಂತ್ರವಿದ್ದಲ್ಲಿ ಸರಾಸರಿಯ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸರದಿ ಇಲ್ಲವೆಂಬುದು 1956ರಲ್ಲಿ ಸ್ಮಿತ್ ಎಂಬ ವಿದ್ವಾಂಸ ಪ್ರಕಟಿಸಿದ ಲೇಖನದಿಂದ ಈ ಶಾಸ್ತ್ರದಲ್ಲಿ ನೆಲೆನಿಂತಿದೆ.

ಆದರೆ ದೊಡ್ಡ ಚೀಲದವನನ್ನು ಕೇಳಿ ನೋಡಿ. ಅವನು 30ನೆಯ ನಿಮಿಷಕ್ಕೆ ಹೊರಡಬೇಕಾಗಿದ್ದವನು 39ರ ತನಕ ನಿಂತ. ಡಬ್ಬಿ ಹಿಡಿದ ಹುಡುಗರು ಒಬ್ಬರ ಹಿಂದೊಬ್ಬರು ಬರುತ್ತಲೇ ಇದ್ದರೆ ಅವನು ಸಂಜೆಯವರೆಗೂ ನಿಲ್ಲಬೇಕಾದೀತು. ಸರಾಸರಿಗೆ ಒಳ್ಳೆಯದಾದದ್ದು ಪ್ರತಿಯೊಬ್ಬನಿಗೂ ಒಳ್ಳೆಯದಾಗಬೇಕೆಂದಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಜ್ವರದ ವಿಚಾರಕ್ಕೆ ಬಂದಾಗ ಇದರ ತೂಕ ತಿಳಿಯುತ್ತದೆ.

ಯಂತ್ರ ಎರಡಾದರೆ ಲೆಕ್ಕ ಬೇರೆಯಾಗುತ್ತದೆ. ಕಡಲೆಯನ್ನು ಮೊದಲು ಹುರಿಯಬೇಕು, ಬಳಿಕ ಬೀಸಬೇಕು. ಹುರಿಯುವುದು ಬೇಗ ಮುಗಿಯುವ ಸರಕನ್ನು ಮೊದಲಿಗೂ, ಬೀಸುವುದು ಬೇಗ ಮುಗಿಯುವ ಸರಕನ್ನು ಕೊನೆಗೂ ಇಟ್ಟರೆ ಇಡೀ ಕೆಲಸ ಅತಿ ಬೇಗ ತೀರುತ್ತದೆ ಎಂಬ ಸೂತ್ರವನ್ನು 1954ರಲ್ಲಿ ಜಾನ್ಸನ್ ಕೊಟ್ಟ. ಮೂರನೆಯ ಯಂತ್ರ ಬಂದಿತೆಂದರೆ ಇಂಥ ಸುಲಭಸೂತ್ರ ಕೈಗೆ ಸಿಕ್ಕುವುದಿಲ್ಲ. ಹತ್ತೇ ಕೆಲಸಗಳನ್ನು ಜೋಡಿಸುವ ಬಗೆಗಳು 36 ಲಕ್ಷ 28 ಸಾವಿರದ 800. ಇಪ್ಪತ್ತಾದರೆ ಎಣಿಸುವ ಮಾತೇ ಬೇಡ. ನಮ್ಮ ಸುತ್ತಮುತ್ತಲಿನ ಜನಕ್ಕೆ ಇಂಥ ಯಂತ್ರಸಾಲುಗಳು ಹೊಸವಲ್ಲ. ತುಮಕೂರಿನಲ್ಲಿ 1978ರಲ್ಲಿ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಬಂದಿತು. ಕಂಪನಿಯ ಗಡಿಯಾರ ವಿಭಾಗವನ್ನು ಮುಚ್ಚುವ ತೀರ್ಮಾನವಾದದ್ದು 2016ರಲ್ಲಿ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ನೆಲದ ಮೇಲೆ ಎದ್ದಿರುವ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡಿತು. ಕೈಗಡಿಯಾರವಾಗಲಿ ಹೆಲಿಕಾಪ್ಟರಾಗಲಿ, ಬಾರದ ಒಂದು ಬಿಡಿಭಾಗಕ್ಕಾಗಿ ಬಂದ ನೂರು ಭಾಗಗಳು ಕಾದು ಕುಳಿತಿರಬೇಕಾಗುತ್ತದೆ.

ಬೇಗ ಮುಗಿಸಬೇಕಾದರೆ ಯಂತ್ರ ಒಂದು ಗಳಿಗೆಯೂ ಸುಮ್ಮನಿರಬಾರದು ಎಂದು ಮೇಲ್ನೋಟಕ್ಕೆ ತೋರುತ್ತದೆ. ಸರದಿಶಾಸ್ತ್ರ ಹೇಳುವುದು ಇದಕ್ಕೆ ವಿರುದ್ಧ. ಕೆಲಸಗಳು ಗೊತ್ತಾದ ಹೊತ್ತಿಲ್ಲದೆ ಬಂದು ಬೀಳುವ, ಒಂದೊಂದಕ್ಕೆ ಒಂದೊಂದು ಅವಧಿ ಹಿಡಿಯುವ ಒಂಟಿ ಯಂತ್ರದ ಸರಳ ಮಾದರಿಯನ್ನು ತೆಗೆದುಕೊಂಡರೆ, ಯಂತ್ರ ನೂರಕ್ಕೆ 80 ಪಾಲು ಹೊತ್ತು ದುಡಿಯುತ್ತಿದ್ದಾಗ ಅದರ ಬಳಿ ಇರುವ ಕೆಲಸಗಳು ಸರಾಸರಿ 4; 90 ಪಾಲು ದುಡಿದರೆ 9; 95 ಪಾಲು ದುಡಿದರೆ 19. ನೂರನ್ನು ಮುಟ್ಟಹೊರಟರೆ ಸಾಲಿಗೆ ಕೊನೆಯೇ ಇಲ್ಲ. ಆದಕಾರಣ ಸ್ವಲ್ಪ ಬಿಡುವನ್ನು ಮೀಸಲಿಟ್ಟುಕೊಂಡವನೇ ನಿಜವಾಗಿ ಬೇಗ ಮುಗಿಸುವವನು. ಜ್ವರದ ಕಾಲದಲ್ಲಿ ಆಸ್ಪತ್ರೆಯ ಹಾಸಿಗೆಗಳ ಸ್ಥಿತಿಯೂ ಹೀಗೆಯೆ. ಸಾಧಾರಣ ದಿನಗಳಲ್ಲಿ ಖಾಲಿಯಿರುವ ಹಾಸಿಗೆಯನ್ನು ದಂಡವೆಂದು ಎಣಿಸಿದ ಊರು, ಸೋಂಕು ಹಬ್ಬಿದ ವಾರದಲ್ಲಿ ಅದರ ಬೆಲೆಯನ್ನು ಅರಿಯುತ್ತದೆ.

ಇನ್ನು ನಾನು ಹೇಳಿದ ಆ ಒಂದೇ ತಳಹದಿಯ ಮಾತು. 1961ರಲ್ಲಿ ಜಾನ್ ಲಿಟಲ್ ಒಂದು ನಿಯಮವನ್ನು ಸಾಧಿಸಿ ತೋರಿಸಿದ: ಒಳಗಿರುವವರ ಸಂಖ್ಯೆ, ಒಳಬರುವ ವೇಗವನ್ನು ಒಳಗಿರುವ ಅವಧಿಯಿಂದ ಗುಣಿಸಿದಷ್ಟು. ಗಿರಣಿಗೆ ಗಂಟೆಗೆ 12 ಜನ ಬಂದು ಒಬ್ಬೊಬ್ಬರೂ ಅರ್ಧ ಗಂಟೆ ಇದ್ದರೆ, ಯಾವಾಗ ಹೋಗಿ ನೋಡಿದರೂ ಸರಾಸರಿ 6 ಜನ ಇರುತ್ತಾರೆ. ಇಷ್ಟು ಸರಳವಾದ ನಿಯಮದೊಳಗೆ ಒಂದು ಎಚ್ಚರಿಕೆ ಅಡಗಿದೆ. ಒಂದು ಕೆರೆಯ ನೀರು ತಿಂಗಳಾದರೂ ಏರದೆ ಇಳಿಯದೆ ನಿಂತಿದೆ ಎನ್ನಿ. ಕಾಲುವೆಯಿಂದ ಹನಿಯೂ ಬರುತ್ತಿಲ್ಲ, ತೂಬಿನಿಂದ ಹನಿಯೂ ಹೋಗುತ್ತಿಲ್ಲ ಎಂದು ದಡದ ಮೇಲೆ ನಿಂತವನು ತಿಳಿಯಬಹುದು. ಬಂದಷ್ಟೇ ಹೋಗುತ್ತಲೂ ಇರಬಹುದಲ್ಲವೆ? ನಿಂತ ಮಟ್ಟವನ್ನು ಎಷ್ಟು ದಿಟ್ಟಿಸಿ ನೋಡಿದರೂ ಇದು ತಿಳಿಯದು. ಕಾಲುವೆಯನ್ನು ಕಟ್ಟಿ, ನೀರು ಎಷ್ಟು ಬೇಗ ಇಳಿಯುತ್ತದೆಂದು ನೋಡಬೇಕು.

ಎಚ್.ಐ.ವಿ. ಸೋಂಕಿನ ವಿಚಾರದಲ್ಲಿ ವೈದ್ಯವಿಜ್ಞಾನ ಮಾಡಿದ್ದು ಇದನ್ನೇ. ಸೋಂಕು ತಗಲಿದ ಮೇಲೆ ರೋಗಲಕ್ಷಣವಿಲ್ಲದೆ ವರ್ಷಗಟ್ಟಲೆ ಕಳೆಯುತ್ತದೆ. ರಕ್ತದಲ್ಲಿ ವೈರಸ್ಸಿನ ಮಟ್ಟ ಹೆಚ್ಚುಕಡಮೆ ಒಂದೇ ಸಮನಾಗಿರುತ್ತದೆ. ವೈರಸ್ಸು ಮಲಗಿ ನಿದ್ರಿಸುತ್ತಿದೆ ಎಂದು ಅನೇಕರು ಬಗೆದಿದ್ದರು. 1995ರಲ್ಲಿ ಡೇವಿಡ್ ಹೋ ಮುಂತಾದವರು ವೈರಸ್ಸಿನ ಹುಟ್ಟನ್ನು ತಡೆಯುವ ಔಷಧವನ್ನು ಕೊಟ್ಟು ಇಳಿತವನ್ನು ಅಳೆದರು. 1996ರಲ್ಲಿ ಪೆರೆಲ್‌ಸನ್ ಮತ್ತು ಸಂಗಡಿಗರು ಹಾಕಿದ ಲೆಕ್ಕದಂತೆ ರಕ್ತದಲ್ಲಿನ ವೈರಸ್ಸು ಸುಮಾರು 6 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮೈಯಲ್ಲಿ ದಿನಕ್ಕೆ ಸುಮಾರು 1000 ಕೋಟಿ ವೈರಸ್ಸುಗಳು ಹುಟ್ಟುತ್ತವೆ, ಅಷ್ಟೇ ಅಳಿಯುತ್ತವೆ. ನಿದ್ರೆಯೆಂದು ಕಂಡದ್ದು ಹಗಲಿರುಳಿನ ಕಾಳಗವಾಗಿತ್ತು. ಇಷ್ಟು ವೇಗವಾಗಿ ಹುಟ್ಟುವ ವೈರಸ್ಸು ರೂಪವನ್ನೂ ಬೇಗ ಬದಲಿಸುತ್ತದೆ; ಒಂದೇ ಔಷಧದಿಂದ ಅದನ್ನು ಬಹುಕಾಲ ಹಿಡಿದಿಡಲಾಗದು, ಹಲವನ್ನು ಕೂಡಿಸಿ ಕೊಡಬೇಕು ಎಂಬ ಮಾತಿಗೆ ಈ ಲೆಕ್ಕದಿಂದ ದೊಡ್ಡ ಬಲ ಬಂದಿತು.

ಈ ಎರಡು ವಿದ್ಯೆಗಳೂ ನಮ್ಮ ನಾಡಿನ ಒಂದೇ ಆವರಣದಲ್ಲಿ ಬೆಳೆದಿವೆ ಎಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದು ವಿಶ್ವನಾಧಂ ಮತ್ತು ನರಹರಿ ಅವರು ಸ್ವಯಂಚಾಲಿತ ಉತ್ಪಾದನಾ ವ್ಯವಸ್ಥೆಗಳ ಕಾರ್ಯಸಾಮರ್ಥ್ಯವನ್ನು ಗಣಿತದಿಂದ ಅಳೆಯುವ ಗ್ರಂಥವನ್ನು ಬರೆದರು. ಅದು 1992ರಲ್ಲಿ ಪ್ರಕಟವಾಯಿತು. ಅದೇ ಸಂಸ್ಥೆಯ ರಾಸಾಯನಿಕ ಎಂಜಿನಿಯರಿಂಗ್ ವಿಭಾಗದ ನರೇಂದ್ರ ದೀಕ್ಷಿತರು ಎಚ್.ಐ.ವಿ., ಹೆಪಟೈಟಿಸ್ ಸಿ ಮೊದಲಾದ ವೈರಸ್ಸುಗಳ ಏರಿಳಿತಗಳನ್ನು ಸಮೀಕರಣಗಳಿಂದ ಅಭ್ಯಸಿಸಿದವರು. ಕೊಳವೆಗಳಲ್ಲಿ ದ್ರವ ಹರಿಯುವ ಬಗೆಯನ್ನು ಕಲಿಸುವ ವಿಭಾಗದಲ್ಲಿ ರೋಗದ ಗಣಿತ ಬೆಳೆದದ್ದು ಆಕಸ್ಮಿಕವಲ್ಲ. ಒಳಹರಿವು ಹೊರಹರಿವುಗಳ ಲೆಕ್ಕ ಎಲ್ಲಿದ್ದರೂ ಒಂದೇ.

ಬೇಗ ಮುಗಿಸುವ ಇನ್ನೊಂದು ಗುಟ್ಟು ಪೂರ್ವಸಿದ್ಧತೆಯದು. ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ 1000 ಟನ್ನಿನ ಒತ್ತುಯಂತ್ರದ ಅಚ್ಚನ್ನು ಬದಲಿಸಲು 4 ಗಂಟೆ ಹಿಡಿಯುತ್ತಿತ್ತು. ಶಿಗೆಯೊ ಶಿಂಗೊ ಅದನ್ನು ಕಟ್ಟಕಡೆಗೆ 3 ನಿಮಿಷಕ್ಕೆ ಇಳಿಸಿದ. ಆಳುಗಳನ್ನು ಅವನು ಓಡಿಸಲಿಲ್ಲ. ಯಂತ್ರವನ್ನು ನಿಲ್ಲಿಸಿದ ಮೇಲೆ ಮಾಡುತ್ತಿದ್ದ ಕೆಲಸಗಳಲ್ಲಿ, ಅದು ಓಡುತ್ತಿರುವಾಗಲೇ ಮಾಡಿಡಬಹುದಾದುವನ್ನು ಮೊದಲೇ ಮಾಡಿಸಿಟ್ಟ, ಅಷ್ಟೆ. ದೇಹದಲ್ಲಿ ಲಸಿಕೆ ಮಾಡುವುದೂ ಇದೇ ಕೆಲಸ. ಗುರುತಿಲ್ಲದ ವೈರಸ್ಸು ಬಂದಾಗ ಮೊದಲ ಗಂಟೆಗಳಲ್ಲಿ ಇಂಟರ್‌ಫೆರಾನಿನಂಥ ಸಾಮಾನ್ಯ ಕಾವಲು ಎಚ್ಚರಗೊಳ್ಳುತ್ತದೆ. ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇದನ್ನು 1957ರಲ್ಲಿ ಕಂಡುಹಿಡಿದರು. ಆ ಶತ್ರುವಿಗೆಂದೇ ತಕ್ಕ ಪ್ರತಿಕಾಯಗಳು ಒದಗಬೇಕಾದರೆ ಸುಮಾರು ಒಂದು ವಾರ ಬೇಕು. ಲಸಿಕೆಯಿಂದ ಪರಿಚಯ ಪಡೆದ ದೇಹಕ್ಕೆ ಅಚ್ಚು ಮೊದಲೇ ಸಿದ್ಧವಾಗಿರುತ್ತದೆ. ಫ್ಲೂ ಜ್ವರದ ಔಷಧವನ್ನು ಲಕ್ಷಣ ಕಂಡ 48 ಗಂಟೆಗಳೊಳಗೆ ಕೊಡಬೇಕೆನ್ನುವುದೂ ಈ ಕಾರಣದಿಂದಲೇ. ವೈರಸ್ಸು ಹುಟ್ಟಿ ಹರಡಿ ಮುಗಿದ ಮೇಲೆ ಹುಟ್ಟನ್ನು ತಡೆಯುವ ಔಷಧಕ್ಕೆ ಮಾಡಲು ಕೆಲಸವೇನು ಉಳಿದೀತು?

ಇಷ್ಟೆಲ್ಲ ಹೇಳಿದ ಮೇಲೂ, ‘ಮುಗಿಯಿತು’ ಎಂದು ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆ ಉಳಿಯುತ್ತದೆ. 2006ರಲ್ಲಿ ಚಿಕೂನ್‌ಗುನ್ಯ ನಮ್ಮ ಜಿಲ್ಲೆಗೂ ಬಂದಿತು. ಆ ವರ್ಷ ದೇಶದಲ್ಲಿ ಶಂಕಿತ ರೋಗಿಗಳ ಸಂಖ್ಯೆ 13 ಲಕ್ಷವನ್ನು ದಾಟಿತು. ಅದರಲ್ಲಿ ಅರ್ಧಕ್ಕೂ ಹೆಚ್ಚು, ಎಂದರೆ 7 ಲಕ್ಷಕ್ಕೂ ಮೀರಿ, ಕರ್ನಾಟಕದ್ದು. ಹೆಸರನ್ನು ಕೇಳಿ ಕೋಳಿಗೂ ಜ್ವರಕ್ಕೂ ಗಂಟುಹಾಕಿದವರಿದ್ದರು. ಆದರೆ ಅದು ಪೂರ್ವ ಆಫ್ರಿಕದ ಮಕೊಂಡೆ ಭಾಷೆಯ ಮಾತು; ಮೈ ಬಗ್ಗಿಸುವಂಥದು ಎಂದು ಅರ್ಥ. ಆ ಮಳೆಗಾಲದಲ್ಲಿ ಹೆಬ್ಬೂರಿನ ಸುತ್ತಿನ ಹಳ್ಳಿಗಳಲ್ಲಿ ನಡೆದಾಡಿದವರಿಗೆ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಡುವಯಸ್ಸಿನವರು ಕೋಲೂರಿ ನಡೆಯುತ್ತಿದ್ದರು. ಬೆಳಗ್ಗೆ ಎದ್ದು ಚೊಂಬನ್ನು ಹಿಡಿಯಲು ಬೆರಳು ಮಡಿಸಲಾರದ ಹೆಂಗಸರನ್ನು ಕಂಡಿದ್ದೇನೆ.

ಈ ವೈರಸ್ಸು ರಕ್ತದಿಂದ ಮರೆಯಾಗಲು ಸಾಮಾನ್ಯವಾಗಿ ಒಂದು ವಾರ ಸಾಕು. ವೈರಸ್ಸಿನ ಲೆಕ್ಕದಲ್ಲಿ ಇದು ಬಹು ಬೇಗ ಮುಗಿಯುವ ರೋಗ. ನಮ್ಮಲ್ಲಿ ತೆಂಗಿನಕಾಯಿ ಕೀಳುವ ಕೆಲಸದವನೊಬ್ಬನಿದ್ದ. ಐದನೆಯ ದಿನಕ್ಕೆ ಅವನ ಮೈ ತಣ್ಣಗಾಯಿತು. ತಿಂಗಳ ಮೇಲೆ ಕೇಳಿದಾಗ ಅವನು, “ಜ್ವರ ಬಿಟ್ಟೋತು ಮೇಷ್ಟ್ರೇ, ಮಂಡಿ ಹಿಡ್ಕಂಡಿರೋದು ಬಿಡ್ಲಿಲ್ಲ” ಎಂದ. ಮರ ಹತ್ತುವವನಿಗೆ ಮಂಡಿಯೇ ಬಂಡವಾಳ. ಆ ಸುಗ್ಗಿಯ ಕೂಲಿಯೆಲ್ಲ ಅವನ ಕೈ ತಪ್ಪಿತು. ಚಿಕೂನ್‌ಗುನ್ಯದ ಕೀಲುನೋವು ಕೆಲವರಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷದ ಮೇಲೂ ಉಳಿಯುತ್ತದೆ, ಅದರಲ್ಲೂ ವಯಸ್ಸಾದವರಲ್ಲಿ. ಗಿರಣಿಯ ಸರಾಸರಿಯಲ್ಲಿ ದೊಡ್ಡ ಚೀಲದವನು ಮರೆಯಾದಂತೆ, ಜ್ವರದ ಸರಾಸರಿಯಲ್ಲಿ ಇಂಥವರು ಮರೆಯಾಗುತ್ತಾರೆ. ಕಾರ್ಖಾನೆಯಲ್ಲಾದರೂ ವಸ್ತು ಯಂತ್ರದಿಂದ ಇಳಿದ ಮಾತ್ರಕ್ಕೆ ಕೆಲಸ ತೀರಿತೆಂದು ಬರೆಯುವುದಿಲ್ಲ. ತಪಾಸಣೆಯಾಗಿ ಕೊಳ್ಳುವವನ ಕೈ ಸೇರಬೇಕು. ರೋಗಕ್ಕೆ ಮಾತ್ರ ಉಷ್ಣಮಾಪಕ ಇಳಿದ ಕ್ಷಣವೇ ಮುಗಿತಾಯವಾಗಬೇಕೆ?

ಈ ರೋಗವನ್ನೇ ಕೊಲ್ಲುವ ಔಷಧ ವೈದ್ಯರ ಕೈಯಲ್ಲಿಲ್ಲ; ನೋವಿಗೆ ಔಷಧ, ವಿಶ್ರಾಂತಿ, ಆರೈಕೆ ಇಷ್ಟೇ. ಆದರೆ ಕಾಲುವೆಯನ್ನು ಕಟ್ಟುವುದು ನಮ್ಮ ಕೈಯಲ್ಲಿದೆ. ಇದನ್ನು ಹರಡುವ ಈಡಿಸ್ ಸೊಳ್ಳೆ ಚರಂಡಿಗಿಂತ ಮನೆಯ ತೊಟ್ಟಿ, ಡ್ರಮ್ಮು, ಹಳೆಯ ಟೈರುಗಳಲ್ಲಿ ನಿಂತ ತಿಳಿನೀರನ್ನು ಬಯಸುತ್ತದೆ. ತೆಂಗಿನ ನಾಡಾದ ನಮ್ಮಲ್ಲಿ ಹಿತ್ತಲಿನ ಚಿಪ್ಪುಗಳೂ ಸಾಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಆದ್ದರಿಂದಲೇ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದುಮಾಡಿ, ಉಜ್ಜಿ, ಒಣಗಿಸಿರಿ ಎನ್ನುವುದು. ಎರಡು ವಾರಕ್ಕೊಮ್ಮೆ ಮಾಡಿದರೆ ಆ ಶ್ರಮವೆಲ್ಲ ವ್ಯರ್ಥ. ಗಣಿತ ಓದಿದ ಹುಡುಗರಿಗೆ ಇದನ್ನು ಸಮೀಕರಣವಾಗಿಯೂ, ಓದದ ಮನೆಯವರಿಗೆ ವಾರದ ವ್ರತವಾಗಿಯೂ ತಿಳಿಸಬಹುದು.

ಬೇಗ ಮುಗಿಯಲಿ ಎಂಬ ಹಾರೈಕೆ ತಪ್ಪಲ್ಲ. ಅದನ್ನು ಸಾಧಿಸುವ ದಾರಿಗಳಾದ ಸರದಿಯ ವಿವೇಕ, ಮೀಸಲು ಬಿಡುವು, ಪೂರ್ವಸಿದ್ಧತೆ, ಒಳಹರಿವಿನ ತಡೆ ಇವು ಯಂತ್ರಕ್ಕೂ ದೇಹಕ್ಕೂ ಸಮಾನವಾದುವು. ಇವುಗಳ ಜೊತೆಗೆ, ಗಡಿಯಾರವನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ನನ್ನನ್ನು ಕೇಳಿದರೆ, ಮುಂದಿನ ಸಲ ಇಂಥ ಜ್ವರ ಬಂದಾಗ ಎಷ್ಟು ಜನರ ಮೈ ತಣ್ಣಗಾಯಿತು ಎಂಬ ಪಟ್ಟಿಯ ಪಕ್ಕದಲ್ಲೇ, ಎಷ್ಟು ಜನ ಮತ್ತೆ ಮರ ಹತ್ತಿದರು, ರಾಗಿ ಕುಯ್ದರು, ಶಾಲೆಗೆ ಬಂದರು ಎಂಬ ಇನ್ನೊಂದು ಪಟ್ಟಿಯನ್ನೂ ಬರೆದಿಡಬೇಕು.