ಶುರುಮಾಡಿದವರು, ನಡೆಸಿಕೊಂಡು ಹೋದವರು

ಹೊಸ ಕೆಲಸಕ್ಕೆ ಚಾಲನೆ ಕೊಟ್ಟು ಅದು ನಡೆಯುವಂತೆ ಮಾಡುವವರನ್ನು ನಾರ್ವೆಯವರು ‘ಇಗಾಂಗ್‌ಸೆಟರ್’ ಎನ್ನುತ್ತಾರೆ. ಅವರು ಬಂಡವಾಳ ಹೂಡುವ ಉದ್ಯಮಿಯೇ ಆಗಿರಬೇಕೆಂದಿಲ್ಲ. ಸಂಘ, ಚಳವಳಿ, ಶಾಲೆ ಯಾವುದನ್ನು ಶುರುಮಾಡಿದವರಿಗೂ ಈ ಹೆಸರು ಸಲ್ಲುತ್ತದೆ. ಬೆಳಗಾವಿ ಜಿಲ್ಲೆಯ ಗಡಿ ತಾಲ್ಲೂಕುಗಳಲ್ಲಿ ಇಂಥವರಿಗೆ ಕೊರತೆಯಿಲ್ಲ. ಆದರೆ ಇಲ್ಲಿ ಮೊದಲು ಮುಂದೆ ಬಂದವರಿಗಿಂತ, ಆ ಕೆಲಸವನ್ನು ಕೈಗೆತ್ತಿಕೊಂಡು ತಮ್ಮದಾಗಿಸಿಕೊಂಡ ಹೆಣ್ಣುಮಕ್ಕಳ ಕಥೆಯೇ ದೊಡ್ಡದು.

ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದಿನವಿಡೀ ದೂಳು ಕುಡಿಯುತ್ತ ದುಡಿಯುತ್ತಿದ್ದ ಹೆಂಗಸರನ್ನು ಸಂಘಟಿಸಲು ಮುಂದಾದವರಲ್ಲಿ ಪ್ರಾಧ್ಯಾಪಕ ಸುಭಾಷ್ ಜೋಶಿ ಪ್ರಮುಖರು. ಆ ಹೆಂಗಸರ ಹೋರಾಟವನ್ನು ದೀಪಾ ಧನರಾಜ್ ಮತ್ತು ‘ಯುಗಾಂತರ್’ ತಂಡದವರು 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿದರು.

ಅಥಣಿಯಲ್ಲಿ ಚಾಲನೆ ಕೊಟ್ಟದ್ದು ಮಧುರಾ ಛತ್ರಪತಿಯವರ ‘ಅಸೆಂಟ್’ ಸಂಸ್ಥೆ. ಇಲ್ಲಿ ಕೊಲ್ಹಾಪುರಿ ಚಪ್ಪಲಿಯ ತೊಗಲನ್ನು ಜಾಲಿಯ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರೆ. ಗಂಡಸರು ಅಟ್ಟೆ ಕತ್ತರಿಸಿದರೆ ಪಟ್ಟಿ ಹೆಣೆಯುವುದು, ಮೇಲಿನ ನಾಜೂಕು ಕೆಲಸ ಹೆಂಗಸರದು. ಅಷ್ಟಾದರೂ ದುಡ್ಡು ಅವರ ಕೈಗೆ ಬರುತ್ತಿರಲಿಲ್ಲ. ಅವರ ಸ್ವಸಹಾಯ ಸಂಘಗಳನ್ನು ಒಂದುಗೂಡಿಸಿ ‘ಟೋಹೋಲ್ಡ್’ ಹೆಸರಿನಲ್ಲಿ ಹೊರದೇಶದ ಮಾರುಕಟ್ಟೆಗೆ ದಾರಿ ಮಾಡಲಾಯಿತು.

ಎಲ್ಲಕ್ಕಿಂತ ಕಷ್ಟದ ಕೆಲಸ ದೇವದಾಸಿ ಪದ್ಧತಿಯ ವಿರುದ್ಧ ನಡೆದದ್ದು. 1982ರ ಕಾಯ್ದೆ ಅದನ್ನು ನಿಷೇಧಿಸಿತ್ತು. ಕಾಯ್ದೆ ಬಂದಷ್ಟು ಸುಲಭವಾಗಿ ರೂಢಿ ಹೋಗುವುದಿಲ್ಲ. ಯಲ್ಲಮ್ಮನ ಹೆಸರಿನಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರಾಗಿಸುವುದು ಗುಟ್ಟಾಗಿ ನಡೆದೇ ಇತ್ತು. 90ರ ದಶಕದಲ್ಲಿ ‘ಮೈರಾಡ’ ಸಂಸ್ಥೆ ದೇವದಾಸಿಯರನ್ನು ಸಂಘಗಳಲ್ಲಿ ಸೇರಿಸಿ ಉಳಿತಾಯ, ಸಾಲ, ಕಾನೂನಿನ ತಿಳಿವಳಿಕೆ ಕೊಡಲಾರಂಭಿಸಿತು. ಹೊರಗಿನ ಸಂಸ್ಥೆ ಎಂದಾದರೂ ಹೊರಡುವುದೇ. ಹಾಗಾಗಿ 1997ರಲ್ಲಿ ಆ ಹೆಂಗಸರದೇ ಸಂಸ್ಥೆಯೊಂದು ಘಟಪ್ರಭಾದಲ್ಲಿ ಹುಟ್ಟಿತು: ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನರ ಬಾಯಲ್ಲಿ ‘ಮಾಸ್’.

ಅದನ್ನು ಕಟ್ಟಿದವರಲ್ಲೊಬ್ಬರು ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ. ಏಳನೆಯ ವಯಸ್ಸಿಗೇ ಅವರನ್ನು ದೇವರಿಗೆ ಬಿಡಲಾಗಿತ್ತು. ಮಗಳಿಗೆ ಮುತ್ತು ಕಟ್ಟಿಸಬೇಡಿರೆಂದು ಅಧಿಕಾರಿ ಹೇಳಿದರೆ ತಲೆಯಾಡಿಸಿ ಸುಮ್ಮನಾಗುವ ಮನೆಯವರು, ಆ ಪಾಡು ಪಟ್ಟವಳೇ ಹೊಸ್ತಿಲಿಗೆ ಬಂದು ಹೇಳಿದಾಗ ಜಾರಿಕೊಳ್ಳುವುದು ಕಷ್ಟ. ‘ಮಾಸ್’ನ ಬಲ ಇದ್ದದ್ದು ಇಲ್ಲೇ. ಮುತ್ತು ಕಟ್ಟುವುದನ್ನು ತಡೆಯುವುದರ ಜೊತೆಗೆ ದೇವದಾಸಿಯರ ಮಕ್ಕಳ ಓದು, ಹೆಂಗಸರ ದುಡಿಮೆಯ ದಾರಿಗಳನ್ನೂ ಸಂಸ್ಥೆ ನೋಡಿಕೊಂಡಿತು. ಮುಂದೆ ಅದರ ಮುಖ್ಯಸ್ಥೆಯೂ ಆದ ಸೀತವ್ವನಿಗೆ 2018ರಲ್ಲಿ ಪದ್ಮಶ್ರೀ ಸಂದಿತು.