ಗೋರ್ಟಾದ ಸಾಕ್ಷ್ಯಗಳೂ ಹಳೆಯ ಕಂಪ್ಯೂಟರಿನ ಸಾಮರ್ಥ್ಯವೂ

ಬೀದರ ಜಿಲ್ಲೆಯ ಗೋರ್ಟಾ (ಬಿ) ಗ್ರಾಮದ ಮೇಲೆ 1948ರ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ದಾಳಿಯಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಹತರಾದರೆಂದು ಹೇಳುತ್ತಾರೆ. ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾದುದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಆಗ ಹತ್ತು ವರ್ಷದ ಬಾಲಕರಾಗಿದ್ದವರು ಇಂದು ಎಂಬತ್ತೈದನ್ನು ದಾಟಿದ್ದಾರೆ. ಅಂಥವರ ಮಾತನ್ನು ವಿಡಿಯೋದಲ್ಲಿ ದಾಖಲಿಸಬೇಕೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿರಲಾರದು. ಆದರೆ ಕಾಲೇಜಿನಲ್ಲಿರುವ ಹತ್ತು ಹನ್ನೆರಡು ವರ್ಷದ ಹಳೆಯ ಕಂಪ್ಯೂಟರು ವೃತ್ತಿಪರರ ಸಂಕಲನ ತಂತ್ರಾಂಶವನ್ನು ತಾಳಲಾರದು, ಹೊಸ ಯಂತ್ರ ಮಂಜೂರಾಗಲಿ ಎಂದು ಕಾರ್ಯವನ್ನೇ ಮುಂದೂಡುವುದುಂಟು. ಈ ವಿಳಂಬಕ್ಕೆ ತಾಂತ್ರಿಕ ಆಧಾರವೆಷ್ಟು ಎಂಬುದು ವಿಚಾರಾರ್ಹವಾಗಿದೆ.

ತೊಡಕಿನ ಮೂಲವಿರುವುದು ತಂತ್ರಾಂಶಕ್ಕಿಂತ ಹೆಚ್ಚಾಗಿ ಚಿತ್ರವನ್ನು ಅಡಕಗೊಳಿಸುವ ಕ್ರಮದಲ್ಲಿ. ಮೊಬೈಲು ಫೋನು ಸೆಕೆಂಡಿಗೆ ಸುಮಾರು 30 ಚಿತ್ರಗಳನ್ನು ತೆಗೆಯುತ್ತದೆಯಾದರೂ ಪ್ರತಿಯೊಂದನ್ನೂ ಪೂರ್ಣವಾಗಿ ಬರೆದಿಡುವುದಿಲ್ಲ. ಆಗೊಂದು ಈಗೊಂದು ಚಿತ್ರವನ್ನು ಪೂರ್ಣವಾಗಿಟ್ಟು, ಉಳಿದವುಗಳಲ್ಲಿ ಬದಲಾದ ಅಂಶವನ್ನು ಮಾತ್ರ ದಾಖಲಿಸುತ್ತದೆ. ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಸಾಲುಸಾಲಾಗಿ ‘ಸದರಿ’ ಎಂದು ಬರೆದಿರುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುವುದು. ಮೊದಲಿನಿಂದ ಓದುವವನಿಗೆ ತೊಂದರೆಯಿಲ್ಲ. ನಡುವೆ ತೆರೆದವನು ಹೆಸರಿಗಾಗಿ ಮೇಲಮೇಲಕ್ಕೆ ಹುಡುಕಬೇಕು. ಸಂಕಲನಕಾರನು ಹಿಂದೆ ಮುಂದೆ ಸರಿದಾಗಲೆಲ್ಲ ಪ್ರೊಸೆಸರಿಗೆ ಬೀಳುವ ದುಡಿಮೆ ಇಂಥದು. ಇನ್ನೂ ಬಿಗಿಯಾದ ಎಚ್.265 ಕ್ರಮವನ್ನು ಬಿಡಿಸುವ ಪೂರ್ಣ ವ್ಯವಸ್ಥೆ ಇಂಟೆಲ್ ಪ್ರೊಸೆಸರುಗಳಲ್ಲಿ ಬಂದುದು 2015ರ ಆರನೆಯ ಪೀಳಿಗೆಯಿಂದ. ಅದಕ್ಕೂ ಹಿಂದಿನ ಯಂತ್ರ ಇಲ್ಲಿ ತಡವರಿಸುವುದು ಸಹಜ.

ಇದಕ್ಕೆ ಪರಿಹಾರವೆಂದರೆ ‘ಪ್ರಾಕ್ಸಿ’, ಎಂದರೆ ಮೂಲದ ಬದಲಿಗೆ ನಿಲ್ಲುವ ಕಿರುಪ್ರತಿ. 4ಕೆ ಚಿತ್ರವೊಂದರಲ್ಲಿ ಸುಮಾರು 83 ಲಕ್ಷ ಬಿಂದುಗಳಿರುತ್ತವೆ. ಅಗಲ 960, ಎತ್ತರ 540 ಬಿಂದುಗಳ ಕಿರುಪ್ರತಿಯಲ್ಲಿ ಅದರ ಹದಿನಾರನೆಯ ಒಂದು ಪಾಲು ಮಾತ್ರ. ಕತ್ತರಿಸುವುದು, ಜೋಡಿಸುವುದು ಎಲ್ಲವೂ ಕಿರುಪ್ರತಿಯ ಮೇಲೆ ನಡೆದು, ಕಡೆಯಲ್ಲಿ ತಂತ್ರಾಂಶವೇ ಮೂಲವನ್ನು ಅದರ ಸ್ಥಾನದಲ್ಲಿಡುತ್ತದೆ. ಆ ಕಡೆಯ ಹಂತಕ್ಕೆ ಒಂದು ರಾತ್ರಿ ಹಿಡಿದರೂ ಹಿಡಿಯಲಿ, ಮನುಷ್ಯರು ಕಾದು ಕುಳಿತಿರಬೇಕಾಗಿಲ್ಲ.

ಹಾಗೆಂದು ಎಲ್ಲ ತಂತ್ರಾಂಶವೂ ಎಲ್ಲ ಯಂತ್ರಕ್ಕೂ ಒಗ್ಗುವುದಿಲ್ಲ. ಅಡೋಬಿ ಪ್ರೀಮಿಯರ್ ಪ್ರೊ ಕನಿಷ್ಠ 8 ಜಿಬಿ ರ್‍ಯಾಮ್ ಕೇಳುತ್ತದೆ. ಡಾವಿಂಚಿ ರಿಸಾಲ್ವ್ ಗ್ರಾಫಿಕ್ಸ್ ಕಾರ್ಡನ್ನು ಬಹಳವಾಗಿ ಅವಲಂಬಿಸಿದೆ. 4 ಜಿಬಿಯ ಯಂತ್ರದಲ್ಲಿ ಇವೆರಡನ್ನೂ ಕೈಬಿಡುವುದೇ ವಿವೇಕ. 8 ಜಿಬಿಗೆ ಏರಿಸಿ ಹಾರ್ಡ್ ಡಿಸ್ಕಿನ ಜಾಗದಲ್ಲಿ ಎಸ್‌ಎಸ್‌ಡಿ ಹಾಕಿಸಿದರೆ, ಉಚಿತವಾಗಿ ದೊರೆಯುವ ಕೆಡೆನ್‌ಲೈವ್ ಅಥವಾ ಶಾಟ್‌ಕಟ್ ಸಾಕಾಗುತ್ತದೆ. ಸಾಕ್ಷ್ಯಚಿತ್ರಣಕ್ಕೆ ಬೇಕಾದುದು ವರ್ಣವೈಭವವಲ್ಲ, ಸ್ಫುಟವಾದ ಧ್ವನಿ. 4ಕೆ ಬಿಟ್ಟು ಸಾಮಾನ್ಯ ಎಚ್‌ಡಿಯಲ್ಲಿಯೇ ಚಿತ್ರಿಸಿ, ಉಳಿದ ಹಣದಲ್ಲಿ ಒಳ್ಳೆಯ ಮೈಕು ಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ.

ಇತಿಹಾಸಕಾರನು ಎಚ್ಚರ ವಹಿಸಬೇಕಾದುದು ಬೇರೆಡೆ. ಮುದುಕರು ಮಾತಿನ ನಡುವೆ ತಡೆದು ನಿಲ್ಲುವುದು, ಹೇಳಿದ ಹೆಸರನ್ನು ತಿದ್ದಿಕೊಳ್ಳುವುದು, ಕನ್ನಡದಿಂದ ಮರಾಠಿಗೋ ಉರ್ದುವಿಗೋ ಜಾರುವುದು ಸಂಕಲನದಲ್ಲಿ ಮೊದಲು ಕತ್ತರಿಗೆ ಸಿಕ್ಕುವ ಭಾಗಗಳು. ಮಡಿದವರ ಹೆಸರುಗಳನ್ನು ತಾಳೆ ನೋಡುವವನಿಗೆ ಬೇಕಾಗುವುದೂ ಅವೇ. ಆದುದರಿಂದ ಕತ್ತರಿಸದ ಮೂಲವನ್ನು ಎರಡು ಬೇರೆಬೇರೆ ಡಿಸ್ಕುಗಳಲ್ಲಿ, ಎರಡು ಬೇರೆಬೇರೆ ಕಟ್ಟಡಗಳಲ್ಲಿ ಇರಿಸತಕ್ಕದ್ದು. ಕಿರುಪ್ರತಿಗಳನ್ನು ಕೆಲಸ ಮುಗಿದ ಮೇಲೆ ಅಳಿಸಿದರೂ ನಷ್ಟವಿಲ್ಲ.